ಮೇಜಿನ ಮೇಲಿನ ಫೋನು
(ವಿದ್ಯಾರ್ಥಿನಿಲಯವೊಂದರಲ್ಲಿ ಆಡಿದ ಮಾತು)



ಕವಿತೆ ಓದು ಅಂತ ಕರೆದಿರಿ. ಇವತ್ತು ಕವಿತೆ ಬೇಡ. ನಾಳೆ ನೀವೂ ಯಾವುದಾದರೂ ಕಚೇರಿಯಲ್ಲಿ ಕೂರುವವರು. ಅಲ್ಲಿಯ ಫೋನಿನ ಬಗ್ಗೆ ಮಾತಾಡ್ತೀನಿ.

ಬಿ.ಎ. ಮುಗಿಸಿ ಒಂದು ಕಚೇರಿಯಲ್ಲಿ ಹಂಗಾಮಿ ಗುಮಾಸ್ತನಾಗಿದ್ದೆ. ನಮ್ಮ ಕೇರಿಯವರ ನಿವೇಶನದ ಅರ್ಜಿಗಳು ನನ್ನ ಮೇಜಿಗೆ ಬಂದವು. ಮಾರನೇ ದಿನವೇ ಫೋನು. 'ಆ ಫೈಲು ಮುಂದಕ್ಕೆ ಹೋದ್ರೆ ನೀನು ಸಂಜೆ ಮನೆ ಸೇರಲ್ಲ' ಅಂದ, ಜಾತಿ ಹಿಡಿದು ಬೈದ, ಇಟ್ಟ. ಯಾರದು ಅಂತ ಪಕ್ಕದವರು ಕೇಳಿದ್ರೆ ನಾನು ಏನಂದೆ ಗೊತ್ತಾ? 'ರಾಂಗ್ ನಂಬರ್.' ಬೈದವನಿಗಿಲ್ಲದ ನಾಚಿಕೆ ಬೈಸಿಕೊಂಡ ನನಗೆ! ಹೆಡ್ ಕ್ಲಾರ್ಕ್ ಹತ್ರ ಹೇಳಿದಾಗ, 'ದೊಡ್ಡದು ಮಾಡಬೇಡಪ್ಪ, ಹಂಗಾಮಿ ಕೆಲಸ' ಅಂದ್ರು. ಅದೂ ಬೆದರಿಕೆಯೇ, ಮೆಲ್ಲಗೆ ಹೇಳಿದ್ದು ಅಷ್ಟೇ.

1917ರಲ್ಲಿ ಬಾಬಾಸಾಹೇಬರು ವಿದೇಶದಲ್ಲಿ ಓದಿ ಬಂದು ಬರೋಡ ಸಂಸ್ಥಾನದ ಕಚೇರಿ ಸೇರಿದ್ದರು. ಇಳಿದುಕೊಂಡಿದ್ದ ಪಾರ್ಸಿ ವಸತಿಗೃಹಕ್ಕೆ ಕೋಲು ಹಿಡಿದವರು ಬಂದು, ಸಂಜೆಯೊಳಗೆ ಖಾಲಿ ಮಾಡು ಎಂದು ಬೆದರಿಸಿದರು. ಊರಲ್ಲೆಲ್ಲೂ ಜಾಗ ಸಿಗದೆ ಅವರು ಬರೋಡ ಬಿಟ್ಟರು. ಆದರೆ ಅದನ್ನು ಬಚ್ಚಿಡಲಿಲ್ಲ. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಎಲ್ಲ ಬರೆದಿಟ್ಟಿದ್ದಾರೆ.

ಮೂರನೇ ಸಲ ಫೋನು ಬಂದಾಗ ನಾನೂ ಹಳೇ ಫಾರಮ್ಮಿನ ಬೆನ್ನಿಗೆ ತಾರೀಕು, ಗಂಟೆ ಬರೆದು, 'ಸ್ವಲ್ಪ ನಿಧಾನ ಹೇಳಿ ಸ್ವಾಮಿ, ಬರ್ಕೊತಿದೀನಿ' ಅಂದೆ. ಅವನು ಇನ್ನೂ ಜೋರಾಗಿ ಕಿರುಚಿ ಫೋನು ಕುಕ್ಕಿದ.

ಅವನು ಆಡಿದ ಮಾತನ್ನು ಆಡಿದ ಹಾಗೇ ಬರೀರಿ, ಹೊಲಸು ಮಾತನ್ನೂ ಬಿಡಬೇಡಿ. ಮೊಬೈಲಿಗೆ ಬಂದಿದ್ರೆ ನಂಬರು ಅಳಿಸಬೇಡಿ. ಮೇಲಧಿಕಾರಿಗೆ ಬರವಣಿಗೆಯಲ್ಲೇ ಕೊಡಿ. ಈಗಲೇ ಬರ್ತೀನಿ ಅಂದ್ರೆ 112ಕ್ಕೆ ಫೋನ್ ಮಾಡಿ.

ಠಾಣೆಯಲ್ಲಿ ಒಂದು ಮಾತು ಹೇಳ್ತಾರೆ: 'ಫೋನಿನಲ್ಲಿ ಜಾತಿ ಬೈದದ್ದು ನಾಲ್ಕು ಜನರೆದುರು ಅಲ್ಲವಲ್ಲ, ಅಟ್ರಾಸಿಟಿ ಆಗಲ್ಲ.' ಬೈಗುಳದ ಕಲಮಿಗೆ ಸಾರ್ವಜನಿಕರೆದುರು ಎನ್ನುವ ಷರತ್ತು ಇರೋದು ನಿಜ. ಬೆದರಿಕೆಗೆ ಅದಿಲ್ಲ. 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯ 3(2)(ವಿಎ) ಕಲಮು ನೋಡಿ. ನಮ್ಮ ಜಾತಿ ಗೊತ್ತಿದ್ದೂ ಬೆದರಿಸಿದರೆ ಅದೇ ಅಪರಾಧ. ಐಪಿಸಿ 506 ಆ ಪಟ್ಟಿಯಲ್ಲಿದೆ. 2024ರ ಜುಲೈ 1ರಿಂದ 506ರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 351 ಬಂದಿದೆ. ಹೆಸರು ಮುಚ್ಚಿಟ್ಟು ಬೆದರಿಸಿದವನಿಗೆ ಇನ್ನೂ ಎರಡು ವರ್ಷದವರೆಗೆ ಹೆಚ್ಚಿನ ಶಿಕ್ಷೆ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ಇಸ್ಕೊಳ್ಳಿ.

ನನ್ನ ದೂರಿಗೆ ಸಾಕ್ಷಿ ಹಾಕಿ ಅಂದಾಗ ಹೆಡ್ ಕ್ಲಾರ್ಕ್ ಕನ್ನಡಕ ಒರೆಸ್ತಾ ಕೂತರು. ಕಸ ಗುಡಿಸುತ್ತಿದ್ದ ಅಕ್ಕ ಪೊರಕೆ ಒರಗಿಸಿ ಬಂದಳು. 'ಅವನು ಕಿರುಚಿದ್ದು ನಂಗೂ ಕೇಳಿಸ್ತು ಕಣಪ್ಪ, ಎಲ್ಲಿ ಒತ್ಲಿ ಹೇಳು' ಅಂತ ಹೆಬ್ಬೆಟ್ಟು ಮುಂದೆ ಮಾಡಿದಳು.