ಕಲಕಿದ ಕೆರೆಗೋಡು



ರೊಳ್ಳದ ಸೀಮೆಯವರಾದ ನಮಗೆ ಕೆರೆಗೋಡು ಹೊಸ ವಸ್ತುವಲ್ಲ. ಬೇಸಗೆಯಲ್ಲಿ ಕೆರೆ ಬತ್ತಿದೊಡನೆ ಗೋಡನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುವುದು ಹಿರಿಯರಿಂದ ಬಂದ ರೂಢಿ. ಗೋಡೆಂದರೆ ಗೊಬ್ಬರವೆಂದೇ ನಮ್ಮ ಎಣಿಕೆ. ಆದರೆ ಪಟ್ಟಣದ ಹೊಲಸನ್ನು ಕುಡಿದ ಕೆರೆಯ ಗೋಡು ಬೇರೆ ಜಾತಿಯದು. ಅದನ್ನು ಕಲಕಿದರೆ ಏನಾದೀತೆಂಬುದನ್ನು ಅರಿಕೆ ಮಾಡಿಕೊಳ್ಳಲು ಇಲ್ಲಿ ನಿಂತಿದ್ದೇನೆ.

ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ; ಮಕ್ಕಳು ಆ ನಗರದಲ್ಲಿ ದುಡಿಯುತ್ತಿರುವ ಮನೆಗಳು ಇಲ್ಲಿ ಕಡಮೆಯಲ್ಲ. ನಗರದ ಕೊಳಚೆ ದಶಕಗಳ ಕಾಲ ಅದರೊಳಕ್ಕೆ ಹರಿಯಿತು. 2015ರಲ್ಲಿ ಅಲ್ಲಿನ ನೊರೆಗೇ ಬೆಂಕಿ ಹೊತ್ತಿಕೊಂಡಿತು! ಮಳೆ ಬಿದ್ದಾಗಲೇ ಆ ನೊರೆ ಹೆಚ್ಚುವುದೇಕೆ? ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದನ್ನು ಪರಿಶೀಲಿಸಿದರು. ಬಟ್ಟೆ ಒಗೆಯುವ ಪುಡಿಯಲ್ಲಿ ನೊರೆ ಹುಟ್ಟಿಸುವ ದ್ರವ್ಯವೊಂದುಂಟು. ಅದು ಕೆಸರಿನ ಕಣಗಳಿಗೆ ಅಂಟಿ ತಳವನ್ನು ಸೇರುತ್ತದೆ. ಅಲ್ಲಿ ಪ್ರಾಣವಾಯುವಿಲ್ಲದುದರಿಂದ ಬೇಗನೆ ಕೊಳೆಯದೆ ಕೂಡಿಕೊಳ್ಳುತ್ತ ಹೋಗುತ್ತದೆ. ಮಳೆನೀರಿನ ರಭಸವು ಕೆಸರನ್ನು ಕದಡಿದಾಗ ಮತ್ತೆ ನೀರಿಗೆ ಬಂದು, ಕೋಡಿಯಲ್ಲಿ ಧುಮುಕುವಾಗ ಗಾಳಿಯೊಡನೆ ಬೆರೆತು ನೊರೆಯಾಗುತ್ತದೆ. ಎಂದೋ ಒಗೆದ ಬಟ್ಟೆಯ ಸಾಲವನ್ನು ಕೆರೆ ಇಂದು ತೀರಿಸುತ್ತಿದೆಯೆನ್ನಬಹುದು.

ರಂಜಕದ ಮತ್ತು ಲೋಹಗಳ ಸಂಗತಿ ಇದಕ್ಕಿಂತ ತೊಡಕಿನದು. ತಳದ ಕಬ್ಬಿಣವು ರಂಜಕವನ್ನು ಹಿಡಿದಿಟ್ಟಿರುತ್ತದೆ. ಪ್ರಾಣವಾಯು ತೀರಿದೊಡನೆ ಆ ಹಿಡಿತ ಸಡಿಲುತ್ತದೆ. ಸೀಸ, ಸತು, ಕ್ಯಾಡ್ಮಿಯಂಗಳ ನಡೆ ಇದಕ್ಕೆ ವಿರುದ್ಧ. ಕಪ್ಪು ಕೆಸರಿನಲ್ಲಿ ಅವು ಗಂಧಕದೊಡನೆ ಕೂಡಿ ಕದಲದೆ ಇರುತ್ತವೆ. ಕೆಸರನ್ನೆತ್ತಿ ಗಾಳಿಗೊಡ್ಡಿದಾಗ ಬಿಡಿಸಿಕೊಂಡು ನೀರನ್ನು ಸೇರುತ್ತವೆ. ಹೂಳೆತ್ತುವ ಎಂಜಿನಿಯರರ ಪಾಡು ಸುಲಭವಲ್ಲ.

ಜಪಾನಿನ ಮಿನಮಾಟಾ ಕೊಲ್ಲಿಯ ತಳದಲ್ಲಿ ಕಾರ್ಖಾನೆಯ ಪಾದರಸ ತುಂಬಿತ್ತು. ಅಲ್ಲಿ 1977ರಿಂದ 1990ರವರೆಗೆ ಶ್ರಮಿಸಿ, ಸುಮಾರು 15 ಲಕ್ಷ ಘನ ಮೀಟರ್ ಕೆಸರನ್ನು ಕದಡದಂತೆ ಎಚ್ಚರದಿಂದ ನಿವಾರಿಸಿದರು. ಕೊಲ್ಲಿಯ ಒಂದು ಭಾಗವನ್ನೇ ಮುಚ್ಚಿ 58 ಹೆಕ್ಟೇರ್ ಹೊಸ ನೆಲವನ್ನು ಮಾಡಿ, ಕೆಸರನ್ನು ಅದರಡಿ ಹುದುಗಿಸಿದರು.

ನಮ್ಮ ಹಿರಿಯರು ಬತ್ತಿದ ಕೆರೆಯಲ್ಲೇ ಗೋಡು ತೆಗೆಯುತ್ತಿದ್ದುದರಿಂದ ನೀರು ಕದಡುವ ಮಾತೇ ಇರಲಿಲ್ಲ. ಮಳೆನೀರಿನ ಕೆರೆಗೆ ಇಂದಿಗೂ ಅದೇ ಕ್ರಮ ಸಾಕು. ಊರ ಚರಂಡಿ ಇಳಿಯುವ ಮೂಲೆಯ ಗೋಡನ್ನು ಮಾತ್ರ ಬೇರೆಯಾಗಿರಿಸಿ, ಪರೀಕ್ಷೆಯ ಫಲ ಬರುವ ತನಕ ಹೊಲಕ್ಕೆ ಹಾಕಬೇಡಿ. ಏರಿಯ ಮೇಲಂತೂ ಅದನ್ನು ರಾಶಿ ಹಾಕಬೇಡಿ. ಮೊದಲ ಮಳೆಗೇ ಅದರ ರಸವೆಲ್ಲ ಕೆರೆಗೆ ಮರಳೀತು.