ಕೈಕಾಲು ಗಟ್ಟಿಯಿರುವ ತನಕ

(ಲಂಡನ್ನಿನಲ್ಲಿ ಕನ್ನಡ ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಲಿಖಿತ ರೂಪ)



ನಿವೃತ್ತಿಯ ನಂತರದ ನೆಮ್ಮದಿಯ ಕುರಿತು ಮಾತನಾಡಿ ಎಂದು ಸಂಘಟಕರು ಕೇಳಿದಾಗ ಅವರ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಊಹಿಸಬಲ್ಲೆ. ಬೆಳಗಿನ ನಡಿಗೆ, ಯೋಗ, ಹಿತಮಿತವಾದ ಊಟ, ಮೊಮ್ಮಕ್ಕಳು, ಎಂದೋ ಬಿಟ್ಟುಹೋದ ಸಂಗೀತಾಭ್ಯಾಸ. ಇವುಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅರವತ್ತರ ಆಚೆಗೆ ಒಬ್ಬರ ದೇಹ, ಮನಸ್ಸು ಹೇಗಿರುತ್ತವೆ ಎಂಬುದರ ದೊಡ್ಡ ಪಾಲು ಆ ಹೊತ್ತಿಗಾಗಲೇ ತೀರ್ಮಾನವಾಗಿರುತ್ತದೆ. ಅವರು ನಲವತ್ತು ವರ್ಷ ಯಾರ ಕೈಕೆಳಗೆ, ಯಾವ ಕುರ್ಚಿಯಲ್ಲಿ, ಅಥವಾ ಕುರ್ಚಿಯೇ ಇಲ್ಲದೆ ದುಡಿದರು ಎಂಬುದೇ ಅದನ್ನು ತೀರ್ಮಾನಿಸಿರುತ್ತದೆ. ಇಂದು ಆ ವಿಷಯವನ್ನೇ ಎತ್ತಿಕೊಳ್ಳುತ್ತೇನೆ.

ಇದಕ್ಕೆ ಸಾಕ್ಷ್ಯ ನಾವಿರುವ ಈ ಊರಿನಲ್ಲೇ ಇದೆ. ಬ್ರಿಟಿಷ್ ಸರ್ಕಾರದ ಕಚೇರಿಗಳಿರುವ ವೈಟ್‌ಹಾಲ್ ರಸ್ತೆಯ ಹೆಸರು ಹೊತ್ತ ಅಧ್ಯಯನವೊಂದು 1967ರಲ್ಲಿ ಆರಂಭವಾಯಿತು. ಸುಮಾರು 18,000 ಪುರುಷ ಸರ್ಕಾರಿ ನೌಕರರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸಲಾಯಿತು. ಮೈಕೆಲ್ ಮಾರ್ಮಟ್ ಮತ್ತು ಅವರ ಸಹೋದ್ಯೋಗಿಗಳು ಆ ಮಾಹಿತಿಯನ್ನು ವಿಶ್ಲೇಷಿಸಿದಾಗ ಕಂಡದ್ದೇನು? ಹತ್ತು ವರ್ಷಗಳ ಅವಧಿಯಲ್ಲಿ, ಬಾಗಿಲು ಕಾಯುವ, ಕಡತ ಹೊರುವ ಕೊನೆಯ ದರ್ಜೆಯ ನೌಕರರ ಸಾವಿನ ಪ್ರಮಾಣ ಅತ್ಯುನ್ನತ ಅಧಿಕಾರಿಗಳದ್ದಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಇದಕ್ಕಿಂತ ಯೋಚನೆಗೆ ಹಚ್ಚುವ ಸಂಗತಿ ಇನ್ನೊಂದಿದೆ. ಕೆಟ್ಟ ಆರೋಗ್ಯ ಕೊನೆಯ ದರ್ಜೆಯವರಿಗಷ್ಟೇ ಮೀಸಲಾಗಿರಲಿಲ್ಲ. ಮೇಲಿನಿಂದ ಎರಡನೆಯ ಮೆಟ್ಟಿಲಲ್ಲಿದ್ದವರೂ ಮೊದಲ ಮೆಟ್ಟಿಲಿನವರಿಗಿಂತ ಬೇಗ ಸಾಯುತ್ತಿದ್ದರು. ಇವರಲ್ಲಿ ಯಾರೂ ಹಸಿದವರಲ್ಲ, ಎಲ್ಲರಿಗೂ ಖಾಯಂ ನೌಕರಿ, ಎಲ್ಲರಿಗೂ ಒಂದೇ ಉಚಿತ ಆರೋಗ್ಯ ಸೇವೆ. ಬೀಡಿ-ಸಿಗರೇಟು, ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ಈ ಅಂತರದ ಅರ್ಧದಷ್ಟಕ್ಕೂ ಉತ್ತರ ಸಿಗಲಿಲ್ಲ.

ಉತ್ತರದ ಒಂದು ಭಾಗವನ್ನು ಕೊಟ್ಟದ್ದು 1985ರಲ್ಲಿ ಆರಂಭವಾದ ಎರಡನೆಯ ಅಧ್ಯಯನ. ಹತ್ತು ಸಾವಿರಕ್ಕೂ ಹೆಚ್ಚು ನೌಕರರಿದ್ದ ಈ ಅಧ್ಯಯನದಲ್ಲಿ ಮಹಿಳೆಯರೂ ಇದ್ದರು. ತನ್ನ ಕೆಲಸದ ಮೇಲೆ ತನಗೆಷ್ಟು ಹತೋಟಿ ಇದೆ, ಯಾವುದನ್ನು ಯಾವಾಗ ಹೇಗೆ ಮಾಡಬೇಕೆಂಬುದರಲ್ಲಿ ತನ್ನ ಮಾತು ಎಷ್ಟು ನಡೆಯುತ್ತದೆ ಎಂಬುದಕ್ಕೂ ಹೃದಯದ ಕಾಯಿಲೆಗೂ ನಂಟಿರುವುದು ಇಲ್ಲಿ ಕಂಡುಬಂತು. ಹತೋಟಿ ಕಡಿಮೆಯಾದಷ್ಟೂ ಕಾಯಿಲೆಯ ಅಪಾಯ ಹೆಚ್ಚು.

ಕೆಲಸ ಬಿಟ್ಟ ಮೇಲೆ ಇದೆಲ್ಲ ಸರಿಹೋಗಬೇಕಲ್ಲವೆ? ಮೇಲಧಿಕಾರಿ ಇಲ್ಲ, ಗಡಿಯಾರವಿಲ್ಲ. ಇದೇ ನೌಕರರನ್ನು ನಿವೃತ್ತಿಯವರೆಗೂ ಅದರಾಚೆಗೂ ಹಿಂಬಾಲಿಸಿದ ಸಂಶೋಧಕರಿಗೆ ಬೇರೆಯದೇ ಚಿತ್ರ ಸಿಕ್ಕಿತು. ನಿವೃತ್ತರಾದವರ ಮಾನಸಿಕ ಆರೋಗ್ಯ ಸುಧಾರಿಸಿದ್ದು ನಿಜ, ಆದರೆ ಆ ಸುಧಾರಣೆ ಮೇಲಿನ ದರ್ಜೆಯವರಿಗಷ್ಟೇ ಸೀಮಿತವಾಗಿತ್ತು. 2007ರಲ್ಲಿ ಪ್ರಕಟವಾದ ಮತ್ತೊಂದು ವಿಶ್ಲೇಷಣೆಯ ಪ್ರಕಾರ, ಉನ್ನತ ದರ್ಜೆಯಲ್ಲಿದ್ದ ಎಪ್ಪತ್ತು ವರ್ಷದವರ ದೈಹಿಕ ಆರೋಗ್ಯವೂ ಕೆಳದರ್ಜೆಯಲ್ಲಿದ್ದ ಸುಮಾರು ಅರವತ್ತೆರಡರವರ ಆರೋಗ್ಯವೂ ಒಂದೇ ಮಟ್ಟದ್ದು. ಎಂಟು ವರ್ಷಗಳ ಅಂತರ. ಕಚೇರಿಯ ಏಣಿ ಮನೆಗೂ ಹಿಂಬಾಲಿಸಿ ಬಂದು ಹಾಸಿಗೆಯ ಪಕ್ಕದಲ್ಲಿ ನಿಲ್ಲುತ್ತದೆ.

ಇಷ್ಟು ಇಲ್ಲಿಯ ಮಾತಾಯಿತು. ಇದನ್ನು ನಮ್ಮ ನಾಡಿನ ದುಡಿಮೆಗೆ ಹೊಂದಿಸಿ ನೋಡಲು ಹೊರಟರೆ ಭಾಷೆಯೇ ಮೊದಲು ಎಚ್ಚರಿಸುತ್ತದೆ. ಕನ್ನಡದಲ್ಲಿ 'ನಿವೃತ್ತಿ' ಎಂಬ ಪದವನ್ನು ನಾವು ಯಾರಿಗೆ ಬಳಸುತ್ತೇವೆ? ಮೇಷ್ಟರು, ಬ್ಯಾಂಕಿನವರು, ತಹಸೀಲ್ದಾರರು ನಿವೃತ್ತರಾಗುತ್ತಾರೆ. ಬೀಡಿ ಕಟ್ಟುವವರು, ಕಲ್ಲು ಒಡೆಯುವವರು, ಕೂಲಿಯವರು ನಿವೃತ್ತರಾದರೆಂದು ಯಾರೂ ಹೇಳುವುದಿಲ್ಲ. ಅವರು ಕೈಕಾಲು ಗಟ್ಟಿಯಿರುವ ತನಕ ದುಡಿಯುತ್ತಾರೆ, ಆಮೇಲೆ 'ಕೈಲಾಗದವರು' ಆಗುತ್ತಾರೆ. ಭಾರತದಲ್ಲಿ ದುಡಿಯುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಈ ಎರಡನೆಯ ಸಾಲಿನವರು. ವೈಟ್‌ಹಾಲ್‌ನ ಏಣಿಯಲ್ಲಿ ಅವರಿಗೆ ಕೊನೆಯ ಮೆಟ್ಟಿಲೂ ಇಲ್ಲ. ನಸುಕಿನಲ್ಲಿ ಪೊರಕೆ ಹಿಡಿದು ಬೀದಿಗಿಳಿಯುವ ಪೌರಕಾರ್ಮಿಕರ ಜಾತಿ ಯಾವುದೆಂಬುದನ್ನು ಈ ಸಭೆಗೆ ನಾನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ದರ್ಜೆ ನೌಕರಿಗೆ ಸೇರಿದ ದಿನದಿಂದ ಶುರುವಾಗುವಂಥದ್ದಲ್ಲ.

ಈ ಮಾತಿಗೆ ಬೆಂಗಳೂರಿನ ಒಂದು ಘಟನೆಯನ್ನು ನೆನಪಿಸುತ್ತೇನೆ. 2016ರ ಏಪ್ರಿಲ್ 18. ಹೊಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಿಂದ ಸಾವಿರಾರು ಹೆಣ್ಣುಮಕ್ಕಳು ರಸ್ತೆಗಿಳಿದರು. ಮರುದಿನ ನಗರದ ಬೇರೆ ಭಾಗಗಳಿಗೂ ಪ್ರತಿಭಟನೆ ಹಬ್ಬಿತು. ಮುಂದೆ ನಿಂತು ಕರೆ ಕೊಟ್ಟ ದೊಡ್ಡ ನಾಯಕರು ಯಾರೂ ಇರಲಿಲ್ಲ. ಕಾರಣ, ಭವಿಷ್ಯ ನಿಧಿಯ ಹೊಸ ನಿಯಮ. ಕೆಲಸ ಬಿಟ್ಟರೂ ಮಾಲೀಕರ ಪಾಲಿನ ಪಿಎಫ್ ಹಣ 58 ವರ್ಷ ತುಂಬುವ ತನಕ ಕೈಗೆ ಸಿಗದು ಎಂದು ಕೇಂದ್ರ ಸರ್ಕಾರ ಹೇಳಿತ್ತು. ಪ್ರತಿಭಟನೆಯ ಎರಡನೆಯ ದಿನವೇ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು.

ಆಗ ಅನೇಕ ವಿದ್ಯಾವಂತರು ಆಡಿದ ಮಾತು ನಿಮಗೂ ನೆನಪಿರಬಹುದು: ಮುಪ್ಪಿಗೆಂದು ಕೂಡಿಟ್ಟ ಹಣವನ್ನು ಈಗಲೇ ಖರ್ಚು ಮಾಡುವುದು ದೂರದೃಷ್ಟಿಯಿಲ್ಲದ ನಡೆ ಎಂದು. ಪುಸ್ತಕದ ಲೆಕ್ಕದಲ್ಲಿ ಅದು ಸರಿ. ಆದರೆ 58ರವರೆಗೆ ಹೊಲಿಗೆ ಯಂತ್ರದ ಮುಂದೆ ಕೂರುವವರು ಯಾರು? ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್, ಸೂಪರ್‌ವೈಸರನ ಬೈಗುಳ, ಶೌಚಾಲಯಕ್ಕೆ ಹೋಗಲೂ ಅನುಮತಿ. ನಲವತ್ತು ದಾಟಿದ ಮೇಲೆ ಬೆನ್ನು, ಕಣ್ಣು, ಮಂಡಿ ಒಂದೊಂದಾಗಿ ಕೈಕೊಡುತ್ತವೆ. ಆಗ ಮಗಳ ಕಾಲೇಜು ಫೀಸಿಗೂ ಬಡ್ಡಿಸಾಲಕ್ಕೂ ಇರುವ ಒಂದೇ ಗಂಟು ಪಿಎಫ್. ಇನ್ನು ಪಿಂಚಣಿ ಬೇಕೆಂದರೆ ಹತ್ತು ವರ್ಷಗಳ ಸೇವೆ ದಾಖಲೆಯಲ್ಲಿರಬೇಕು. ಅದನ್ನೂ ದಾಟಿ ಬಂದವರಿಗೆ ಆ ಯೋಜನೆ 2014ರಿಂದ ಕೊಡುವ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ತನ್ನ ದುಡಿಮೆಯ ಹೊತ್ತಿನ ಮೇಲೆ ಹತೋಟಿಯಿಲ್ಲದ ಹೆಣ್ಣುಮಗಳಿಗೆ, ಆ ದುಡಿಮೆಯ ಹಣದ ಮೇಲಿನ ಹತೋಟಿಯೂ ಬೇಡವೆಂದದ್ದು ಆ ನಿಯಮ. ಅವರು ಬೀದಿಗಿಳಿದದ್ದರಲ್ಲಿ ದೂರದೃಷ್ಟಿಯ ಕೊರತೆಯೇನೂ ನನಗೆ ಕಾಣುವುದಿಲ್ಲ.

ಅಂದಹಾಗೆ, ನಮ್ಮ ಸಾಫ್ಟ್‌ವೇರ್ ಗೆಳೆಯರಲ್ಲಿ ನಲವತ್ತೈದಕ್ಕೇ ಕೆಲಸ ಬಿಡುವ ಕನಸು ಈಗ ಜೋರಾಗಿದೆ. ಹೊಸೂರು ರಸ್ತೆಯ ಆ ಹೆಣ್ಣುಮಕ್ಕಳಲ್ಲೂ ಅನೇಕರು ಅದೇ ವಯಸ್ಸಿಗೆ ಕೆಲಸ ಬಿಡುತ್ತಾರೆ.

ಇನ್ನು ನಮ್ಮ ಕಥೆ. ಇಲ್ಲಿ ಪೂರ್ಣ ಪ್ರಮಾಣದ ಸರ್ಕಾರಿ ಪಿಂಚಣಿಗೆ 35 ವರ್ಷಗಳ ವಂತಿಗೆ ಬೇಕು. ನಲವತ್ತರ ಹೊತ್ತಿಗೆ ಬಂದಿಳಿದವರಿಗೆ ಅದು ಸಾಮಾನ್ಯವಾಗಿ ದಕ್ಕುವುದಿಲ್ಲ. ಮೈಸೂರಿಗೋ ಧಾರವಾಡಕ್ಕೋ ಮರಳಿದರೆ ಪಿಂಚಣಿ ಹೊರಟ ದಿನದ ಮಟ್ಟದಲ್ಲೇ ನಿಂತುಬಿಡುತ್ತದೆ, ಇಲ್ಲಿಯವರಿಗೆ ಸಿಗುವ ವಾರ್ಷಿಕ ಏರಿಕೆ ಭಾರತದಲ್ಲಿ ನೆಲೆಸಿದವರಿಗಿಲ್ಲ. ಇದು ಅನ್ಯಾಯ, ಇದರ ವಿರುದ್ಧ ದನಿಯೆತ್ತಬೇಕು. ಆದರೆ ನಮಗಾದ ಅನ್ಯಾಯ ನಮಗೆ ಚೆನ್ನಾಗಿ ನೆನಪಿರುತ್ತದೆ, ನಾವು ಮಾಲೀಕರಾಗಿರುವ ಜಾಗಗಳು ಮರೆತುಹೋಗುತ್ತವೆ.

ಹೌದು, ಮಾಲೀಕರು. ಊರಲ್ಲಿರುವ ನಮ್ಮ ತಂದೆತಾಯಿಗಳ ಮುಪ್ಪಿನ ನೆಮ್ಮದಿ ಬಹಳಷ್ಟು ಮನೆಗಳಲ್ಲಿ ಹಗಲಿರುಳು ಜೊತೆಗಿರುವ ಒಬ್ಬ ಹೆಣ್ಣುಮಗಳ ಮೇಲೆ ನಿಂತಿದೆ. ಆಕೆಗೆ ಸಂಬಳ ಹೋಗುವುದು ಇಲ್ಲಿಂದ. ಲಂಡನ್ನಿನಲ್ಲಿ ಮಗುವನ್ನು ನೋಡಿಕೊಳ್ಳಲು ನೀವು ನೇರವಾಗಿ ಒಬ್ಬರನ್ನು ನೇಮಿಸಿಕೊಂಡಿರೆನ್ನಿ. ಅವರಿಗೆ 22 ವರ್ಷ ದಾಟಿದ್ದು, ವರ್ಷದ ಸಂಬಳ 10,000 ಪೌಂಡಿಗಿಂತ ಹೆಚ್ಚಿದ್ದರೆ, ಅವರನ್ನು ಪಿಂಚಣಿ ಯೋಜನೆಗೆ ಸೇರಿಸಿ ನಿಗದಿತ ಸಂಬಳದ ಕನಿಷ್ಠ ಶೇಕಡಾ 3ರಷ್ಟನ್ನು ನಿಮ್ಮ ಜೇಬಿನಿಂದ ಕಟ್ಟಬೇಕು. ಇದು ಕಾನೂನು, ತಪ್ಪಿದರೆ ದಂಡ. ಅದೇ ವ್ಯಕ್ತಿ ಮೈಸೂರಿನಲ್ಲಿ ತಾಯಿಗಾಗಿ ಒಬ್ಬರನ್ನು ನೇಮಿಸಿದಾಗ ಇಂಥ ಯಾವ ಕಟ್ಟುಪಾಡೂ ಇಲ್ಲ. ಅಸಂಘಟಿತ ಕಾರ್ಮಿಕರಿಗೆಂದು 2019ರಲ್ಲಿ ಕೇಂದ್ರ ಸರ್ಕಾರ ತಂದ ಪಿಂಚಣಿ ಯೋಜನೆಗೆ ಸೇರಲು ವಯೋಮಿತಿ 18ರಿಂದ 40. ಅಟಲ್ ಪಿಂಚಣಿಗೂ ಅಷ್ಟೇ. ಮಕ್ಕಳನ್ನು ಬೆಳೆಸಿ, ನಲವತ್ತೈದು ದಾಟಿದ ಮೇಲೆ ಈ ಕೆಲಸಕ್ಕೆ ಬಂದವರಿಗೆ ಎರಡೂ ಬಾಗಿಲು ಮುಚ್ಚಿವೆ. ಅವರಿಗೆ ಉಳಿಯುವವುಗಳಲ್ಲಿ ಒಂದು ರಾಜ್ಯ ಸರ್ಕಾರದ ಸಂಧ್ಯಾ ಸುರಕ್ಷಾ, ತಿಂಗಳಿಗೆ 1,200 ರೂಪಾಯಿ, ಅದೂ 65 ತುಂಬಿದ ಮೇಲೆ.

ಕಾನೂನು ಬದಲಾಗಲೆಂದು ಒತ್ತಾಯಿಸೋಣ, ಅಲ್ಲಿ ಮನೆಗೆಲಸದವರ ಸಂಘಟನೆಗಳು ಬಹುಕಾಲದಿಂದ ಅದನ್ನು ಮಾಡುತ್ತಲೇ ಇವೆ. ಆದರೆ ಅದಕ್ಕೆ ಕಾಯಬೇಕಾಗಿಲ್ಲ. ಆಕೆಯ ಹೆಸರಿನಲ್ಲಿ ಒಂದು ಪಿಪಿಎಫ್ ಖಾತೆ ತೆರೆಯಲು ಅಂಚೆ ಕಚೇರಿಯಲ್ಲಿ ಒಂದು ಬೆಳಗು ಸಾಕು. ಸಂಬಳದ ಜೊತೆಗೆ, ಸಂಬಳದಿಂದ ಕಡಿತ ಮಾಡದೆ, ಪ್ರತಿ ತಿಂಗಳು ಅದರ ಹತ್ತನೆಯ ಒಂದು ಪಾಲನ್ನು ಅಲ್ಲಿಗೆ ಕಟ್ಟಬಹುದು. ಪಾಸ್‌ಬುಕ್ ಆಕೆಯ ಕೈಯಲ್ಲೇ ಇರಲಿ. ಆ ಹಣವನ್ನು ಹೇಗೆ ಖರ್ಚು ಮಾಡಬೇಕೆಂಬ ಉಪದೇಶ ಬೇಡ. ಜೊತೆಗೆ, ವಾರಕ್ಕೊಂದು ದಿನ ರಜೆ. ಅದು ಯಾವ ದಿನವಿರಬೇಕೆಂದು ಆಕೆಯನ್ನೇ ಕೇಳಿ.