ಪುಸ್ತಕದ ಭೌತಶಾಸ್ತ್ರ, ನಮ್ಮೂರಿನ ಭೌತಶಾಸ್ತ್ರ

(ಸುವರ್ಣ ಮಹೋತ್ಸವದ ಶೈಕ್ಷಣಿಕ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ಅದರ ಹಿರಿಮೆಯನ್ನು ನನಗಿಂತ ಮೊದಲು ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ನನಗೆ ಕೊಟ್ಟ ವಿಷಯ ‘ವಿಜ್ಞಾನ ಶಿಕ್ಷಣ’. ಅದು ಸಮುದ್ರದಂಥ ವಿಷಯ. ಹಾಗಾಗಿ ಅದನ್ನು ಒಂದೇ ಪ್ರಶ್ನೆಗೆ ಇಳಿಸಿಕೊಂಡಿದ್ದೇನೆ: ಮೊದಲ ಸಲ ಭೌತಶಾಸ್ತ್ರ ಕಲಿಯುವ ಮಗುವಿಗೆ ಪಠ್ಯಪುಸ್ತಕ ಎಷ್ಟರಮಟ್ಟಿಗೆ ಆಸರೆಯಾಗುತ್ತದೆ?

ಈ ಪ್ರಶ್ನೆ ಕೇಳುವುದಕ್ಕೆ ಕಾರಣವಿದೆ. ನಾನು ಇದೇ ಶಾಲೆಯಲ್ಲಿ ಕಲಿತು, ಮುಂದೆ ಇಳಕಲ್, ಹುನಗುಂದ, ಬಾದಾಮಿ, ಬಾಗಲಕೋಟೆಗಳಲ್ಲಿ ಮೊದಲು ಪ್ರೌಢಶಾಲೆಯಲ್ಲಿ, ಆಮೇಲೆ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದವನು. ಮನೆಯಲ್ಲಿ ಹೇಳಿಕೊಡುವವರಿರುವ ಮಗುವಿಗೆ, ಟ್ಯೂಷನ್ನಿಗೆ ದುಡ್ಡು ಕೊಡಬಲ್ಲ ಮಗುವಿಗೆ ಪುಸ್ತಕ ಹೇಗಿದ್ದರೂ ನಡೆಯುತ್ತದೆ. ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಹೋಗುವ ತಾಯಿಯ ಮಗಳಿಗೆ, ಮಗ್ಗದ ಮನೆಯ ಹುಡುಗನಿಗೆ ಸಂಜೆಯಾದ ಮೇಲೆ ಪುಸ್ತಕವೇ ಗುರು. ಆ ಗುರು ಮಾತಾಡದಿದ್ದರೆ ಮಗು ‘ನನಗೆ ವಿಜ್ಞಾನ ಹತ್ತುವುದಿಲ್ಲ’ ಎಂದು ತೀರ್ಮಾನಿಸಿಬಿಡುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿ ಬಂದು ಈ ಮಾತು ಹೇಳಿದ ಎಷ್ಟೋ ಜಾಣ ಮಕ್ಕಳನ್ನು ನಾನು ಕಂಡಿದ್ದೇನೆ.

ನಾನು ಮಾತಾಡುತ್ತಿರುವುದು ಎನ್‌ಸಿಇಆರ್‌ಟಿ ಸಿದ್ಧಪಡಿಸಿದ, ನಮ್ಮ ರಾಜ್ಯ ಕನ್ನಡಕ್ಕೆ ತಂದು ಒಂಬತ್ತು, ಹತ್ತನೆಯ ತರಗತಿಗಳಿಗೆ ಕೊಟ್ಟ ವಿಜ್ಞಾನ ಪುಸ್ತಕದ ಬಗ್ಗೆ. ಮೊದಲು ಅದರ ಒಳ್ಳೆಯ ಗುಣ ಹೇಳಬೇಕು. ಅದು ಬರೀ ವ್ಯಾಖ್ಯೆಗಳ ಪುಸ್ತಕವಲ್ಲ. ಪಾಠದ ನಡುನಡುವೆ ಚಟುವಟಿಕೆಗಳಿವೆ. ಜಡತ್ವ ತಿಳಿಸಲು ಕೇರಂ ಕಾಯಿಗಳನ್ನು ಒಂದರ ಮೇಲೊಂದು ಪೇರಿಸಿ ಕೆಳಗಿನದನ್ನು ಸ್ಟ್ರೈಕರ್‌ನಿಂದ ಹೊಡೆಯಲು ಹೇಳುತ್ತದೆ. ಲೋಟದ ಮೇಲೆ ರಟ್ಟು, ರಟ್ಟಿನ ಮೇಲೆ ನಾಣ್ಯ ಇಟ್ಟು, ರಟ್ಟನ್ನು ಚಿಮ್ಮಲು ಹೇಳುತ್ತದೆ. ಇವು ಖರ್ಚಿಲ್ಲದ ಪ್ರಯೋಗಗಳು. ಶಾಲೆಯ ಕಲಿಕೆ ಶಾಲೆಯಾಚೆಯ ಬದುಕಿಗೆ ಜೋಡಣೆಯಾಗಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಆ ಆಶಯ ಈ ಪುಸ್ತಕದಲ್ಲಿ ಕಾಣುತ್ತದೆ.

ಆದರೆ ಇಡೀ ದೇಶಕ್ಕೆ ಒಂದು ಪುಸ್ತಕ ಬರೆಯುವವರಿಗೆ ನಮ್ಮೂರಿನ ಮಗುವಿನ ತಲೆಯಲ್ಲಿ ಏನಿದೆ ಎಂದು ಗೊತ್ತಿರುವುದಿಲ್ಲ. ಖಾಲಿ ತಲೆ ಹೊತ್ತು ಯಾವ ಮಗುವೂ ಶಾಲೆಗೆ ಬರುವುದಿಲ್ಲ. ಅದು ಈಗಾಗಲೇ ಒಂದು ಭೌತಶಾಸ್ತ್ರವನ್ನು ಕಟ್ಟಿಕೊಂಡು ಬಂದಿರುತ್ತದೆ.

ಇಳಕಲ್ಲಿನ ಕುಣಿಮಗ್ಗವನ್ನೇ ತೆಗೆದುಕೊಳ್ಳಿ. ಕೈಯಿಂದ ಎಸೆದ ಲಾಳಿಯಾಗಲಿ, ಹಗ್ಗ ಜಗ್ಗಿ ಹೊಡೆದ ಲಾಳಿಯಾಗಲಿ, ಹಾಸಿನ ಎಳೆಗಳ ನಡುವೆ ಈ ತುದಿಯಿಂದ ಆ ತುದಿಗೆ ಓಡುತ್ತದೆ. ತರಗತಿಯಲ್ಲಿ ನಾನು ಕೇಳುತ್ತಿದ್ದೆ: “ಲಾಳಿ ಅರ್ಧ ದಾರಿಯಲ್ಲಿರುವಾಗ ಅದನ್ನು ಮುಂದಕ್ಕೆ ತಳ್ಳುತ್ತಿರುವವರು ಯಾರು?” ಮಗ್ಗದ ಮನೆಯ ಮಕ್ಕಳೂ ಸೇರಿ ಹೆಚ್ಚಿನವರು ಕೊಡುತ್ತಿದ್ದ ಉತ್ತರ ಒಂದೇ: “ಹೊಡೆದ ಬಲ ಅದರೊಳಗೆ ಇರತದ್ರಿ ಸರ್. ಅದು ಖಾಲಿ ಆದಮ್ಯಾಲೆ ನಿಲ್ಲತದ.”

ಇದು ದಡ್ಡತನವಲ್ಲ. ಗೆಲಿಲಿಯೊಗಿಂತ ಮೊದಲು ದೊಡ್ಡ ದೊಡ್ಡ ಪಂಡಿತರು ಶತಮಾನಗಟ್ಟಲೆ ಹೆಚ್ಚುಕಡಿಮೆ ಇದನ್ನೇ ನಂಬಿದ್ದರು. 1687ರಲ್ಲಿ ನ್ಯೂಟನ್ ತನ್ನ ಗ್ರಂಥ ಪ್ರಕಟಿಸುವ ಹೊತ್ತಿಗೆ ಆ ನಂಬಿಕೆ ಕಳಚಿ ಬೀಳಲು ಬಹಳ ಜನರ ಬುದ್ಧಿ ಸವೆದಿತ್ತು. ಅದನ್ನು ನಮ್ಮ ಹುಡುಗ ಒಂದು ಪಿರಿಯಡ್ಡಿನಲ್ಲಿ ಬಿಡಬೇಕು ಎಂದು ನಾವು ಬಯಸುತ್ತೇವೆ. ಪುಸ್ತಕ ನಿಯಮವನ್ನು ಸರಿಯಾಗಿಯೇ ಹೇಳುತ್ತದೆ, ಹುಡುಗ ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾನೆ, ಅಂಕವೂ ಬರುತ್ತದೆ. ಒಳಗಿನ ನಂಬಿಕೆ ಮಾತ್ರ ಅಲ್ಲಾಡಿರುವುದಿಲ್ಲ.

ಲಾಳಿಯ ಮೇಲೆ ಮುಂದಕ್ಕೆ ತಳ್ಳುವ ಬಲ ಹೊಡೆತದ ಕ್ಷಣದಲ್ಲಿ ಮಾತ್ರ ಇತ್ತು. ಆಮೇಲೆ ಉಳಿದದ್ದು ಚಲನೆ. ದಾರಿಯಲ್ಲಿ ಅದಕ್ಕೆ ಎದುರಾಗಿ ಇರುವುದು ಘರ್ಷಣೆ, ಕೊನೆಗೆ ತಡೆಯುವುದು ಆಚೆ ತುದಿ. ನಿಲ್ಲಿಸುವುದಕ್ಕೇ ಬಲ ಬೇಕು, ಓಡುತ್ತಲೇ ಇರುವುದಕ್ಕಲ್ಲ. ಇದನ್ನು ಮಗ್ಗದ ಮುಂದೆ ನಿಂತು ಹತ್ತು ನಿಮಿಷ ಜಗಳಾಡಿದ ಮಕ್ಕಳು ಮರೆಯುವುದಿಲ್ಲ.

ಎರಡನೆಯ ತೊಡಕು ಮಾತಿನದು. ನಮ್ಮ ಮನೆಯಲ್ಲಿ ವೇಗ ಎಂದರೂ ಜವ ಎಂದರೂ ಬಿರುಸು. ಪುಸ್ತಕದಲ್ಲಿ ಜವಕ್ಕೆ ದಿಕ್ಕಿಲ್ಲ, ವೇಗಕ್ಕೆ ದಿಕ್ಕುಂಟು. ‘ಕೆಲಸ’ ಎಂಬ ಪದವಂತೂ ನಮ್ಮ ಜನರನ್ನು ರೇಗಿಸುತ್ತದೆ. ತಲೆಯ ಮೇಲೆ ಭಾರ ಹೊತ್ತು ಸುಮ್ಮನೆ ನಿಂತವನು ವಿಜ್ಞಾನದ ಲೆಕ್ಕದಲ್ಲಿ ಕೆಲಸ ಮಾಡಿಲ್ಲ ಎನ್ನುತ್ತದೆ ಪುಸ್ತಕ. ಬಾಗಲಕೋಟೆಯ ಎಪಿಎಂಸಿ ಹಮಾಲನ ಮುಂದೆ ಈ ಮಾತು ಹೇಳಿ ನೋಡಿ! ಹಮಾಲನ ಮಗ ತರಗತಿಯಲ್ಲಿದ್ದರೆ ಅವನಿಗೆ ಅವಮಾನವಾಗದಂತೆ ಬಿಡಿಸಿ ಹೇಳಬೇಕು. 50 ಕಿಲೋ ಜೋಳದ ಚೀಲವನ್ನು ನೆಲದಿಂದ ಒಂದೂವರೆ ಮೀಟರ್ ಎತ್ತಿದರೆ ಚೀಲದ ಮೇಲೆ 735 ಜೂಲ್ ಕೆಲಸ ನಡೆಯಿತು. ಹೊತ್ತು ನಿಂತಾಗ ಚೀಲಕ್ಕೆ ಹೊಸದಾಗಿ ಶಕ್ತಿ ಸೇರಲಿಲ್ಲ, ಅಷ್ಟೇ. ಆದರೆ ಆ ಭಾರ ಹಿಡಿದಿಡಲು ಅಪ್ಪನ ಮೈಯ ಸ್ನಾಯುಗಳು ಉಂಡ ರೊಟ್ಟಿಯ ಶಕ್ತಿಯನ್ನು ಸುಡುತ್ತಲೇ ಇರುತ್ತವೆ. ದಣಿವು ಸುಳ್ಳಲ್ಲ. ಲೆಕ್ಕ ಚೀಲದ್ದು, ದಣಿವು ಮೈಯದು. ಈ ಎರಡು ಸಾಲು ಪುಸ್ತಕದಲ್ಲಿದ್ದರೆ ಸೂತ್ರದ ಮೇಲೆ ಮಗುವಿಗೆ ನಂಬಿಕೆ ಹುಟ್ಟುತ್ತದೆ.

ಇನ್ನೊಂದು ಮಾತಿನ ತೊಡಕು ಪಿಯುಸಿಯಲ್ಲಿ ಎದುರಾಗುತ್ತದೆ. ನಮ್ಮ ಭಾಗದ ಕಾಲೇಜುಗಳಲ್ಲಿ ವಿಜ್ಞಾನ ನಡೆಯುವುದು ಇಂಗ್ಲಿಷಿನಲ್ಲಿ. ‘ವೇಗೋತ್ಕರ್ಷ’ ಎಂದು ಕಷ್ಟಪಟ್ಟು ಕಲಿತ ಹುಡುಗಿ ಜೂನ್ ತಿಂಗಳಲ್ಲಿ ‘ಆಕ್ಸಿಲರೇಷನ್’ ಎಂಬ ಹೊಸಬನನ್ನು ಕಾಣುತ್ತಾಳೆ. ಇಬ್ಬರೂ ಒಬ್ಬನೇ ಎಂದು ಗುರುತು ಹಿಡಿಯುವಷ್ಟರಲ್ಲಿ ಮೂರು ಪಾಠ ಮುಂದೆ ಹೋಗಿರುತ್ತವೆ. ಇದಕ್ಕೆ ಕನ್ನಡವನ್ನು ದೂರಬಾರದು. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ಭೌತಶಾಸ್ತ್ರ ಹೊರಲು ಕನ್ನಡಕ್ಕೆ ಶಕ್ತಿಯಿದೆ. ಬೇಕಾದದ್ದು ಸೇತುವೆ. ಒಂಬತ್ತನೆಯ ತರಗತಿಯಿಂದಲೇ ಮಗು ಒಂದು ನೋಟುಬುಕ್ಕಿನಲ್ಲಿ ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ, ಕೆಳಗೆ ತನ್ನದೇ ಒಂದು ಉದಾಹರಣೆ ಬರೆದುಕೊಳ್ಳಲಿ. ಎರಡು ವರ್ಷಕ್ಕೆ ಇನ್ನೂರು ಪದ ಸಾಕು, ಪಿಯುಸಿಯ ಮೊದಲ ದಿನದ ಭಯ ಅರ್ಧ ಇಳಿಯುತ್ತದೆ.

ಮೂರನೆಯದು ಉದಾಹರಣೆಗಳು. ಒಂಬತ್ತನೆಯ ತರಗತಿಯ ಚಲನೆಯ ಪಾಠದಲ್ಲಿ ಭುವನೇಶ್ವರದಿಂದ ದೆಹಲಿಗೆ ಕಾರಿನಲ್ಲಿ 1850 ಕಿಲೋಮೀಟರ್ ಹೋಗುವ ಚಟುವಟಿಕೆ ಇದೆ. ಕ್ರಮಿಸಿದ ದೂರ ಬೇರೆ, ಸ್ಥಾನಪಲ್ಲಟ ಬೇರೆ ಎಂದು ತಿಳಿಸುವುದಕ್ಕೆ. ತಪ್ಪೇನಿಲ್ಲ. ಆದರೆ ನಮ್ಮ ಮಗು ಬಲ್ಲದ್ದು ಇಳಕಲ್‌ನಿಂದ ಬಾದಾಮಿಗೆ ಸುತ್ತಿ ಬಳಸಿ ಹೋಗುವ ಬಸ್ಸನ್ನು. ಜಿಲ್ಲೆಯ ನಕ್ಷೆ ಹಾಸಿ, ದಾರಿಯ ಮೇಲೆ ದಾರ ಇಟ್ಟು ಅಳೆಯಲಿ, ಆಮೇಲೆ ಪಟ್ಟಿ ಇಟ್ಟು ನೇರ ಅಳೆಯಲಿ. ಪಾಠ ಅಲ್ಲಿಗೆ ಮುಗಿಯಿತು.

ಶಬ್ದದ ಪಾಠದಲ್ಲಿ 22 ಡಿಗ್ರಿ ಉಷ್ಣತೆಯಲ್ಲಿ ಶಬ್ದದ ಜವ ಸೆಕೆಂಡಿಗೆ 344 ಮೀಟರ್, ಪ್ರತಿಧ್ವನಿ ಬೇರೆಯಾಗಿ ಕೇಳಲು ಕನಿಷ್ಠ 17.2 ಮೀಟರ್ ದೂರ ಬೇಕು ಎಂದಿದೆ. ನಮ್ಮ ಮಕ್ಕಳು ಈ ಅಂಕಿಯನ್ನು ಕಣ್ಣು ಮುಚ್ಚಿ ಹೇಳುತ್ತಾರೆ. ಇಲ್ಲೇ ಬಾದಾಮಿಯಲ್ಲಿ ಅಗಸ್ತ್ಯ ತೀರ್ಥದ ಸುತ್ತ ಕೆಂಪು ಬಂಡೆಗಳು ಗೋಡೆಯಂತೆ ನಿಂತಿವೆ. ಬಂಡೆಯಿಂದ ಅಳೆದ ದೂರದಲ್ಲಿ ನಿಂತು ಚಪ್ಪಾಳೆ ಹೊಡೆಯಿರಿ. ಪ್ರತಿಧ್ವನಿ ಬಂದ ಕ್ಷಣಕ್ಕೆ ಸರಿಯಾಗಿ ಮುಂದಿನ ಚಪ್ಪಾಳೆ ಬೀಳುವಂತೆ ತಾಳ ಹಿಡಿಯಿರಿ. ಮೊದಲ ಚಪ್ಪಾಳೆಗೆ ಸೊನ್ನೆ ಎಂದು ಎಣಿಸಿ ಇಪ್ಪತ್ತರವರೆಗೆ ಬನ್ನಿ. ಬಂಡೆ 86 ಮೀಟರ್ ದೂರವಿದ್ದು 10 ಸೆಕೆಂಡ್ ಹಿಡಿದರೆ, ಒಂದು ಸಲ ಹೋಗಿ ಬರಲು ಅರ್ಧ ಸೆಕೆಂಡ್, ದೂರ 172 ಮೀಟರ್. 344 ತಾನಾಗಿ ಬಂತು. 40 ಡಿಗ್ರಿಯ ಬೇಸಿಗೆಯಲ್ಲಿ ಅದು ಸುಮಾರು 355 ಆಗುತ್ತದೆ. ಪುಸ್ತಕದ ಅಂಕಿ ನಮ್ಮ ಬಿಸಿಲಿಗೆ ಯಾಕೆ ಬದಲಾಯಿತು ಎಂದು ಮಗು ಕೇಳಿದ ದಿನ ಅದು ಭೌತಶಾಸ್ತ್ರದ ವಿದ್ಯಾರ್ಥಿಯಾಯಿತು.

ಇಳಕಲ್ಲಿನ ಕೆಂಪು ಗ್ರಾನೈಟ್ ದೇಶವಿದೇಶಕ್ಕೆ ಹೋಗುತ್ತದೆ. ಅದರ ಒಡೆದ ತುಂಡುಗಳು ಕೇಳಿದರೆ ಸಿಗುತ್ತವೆ. ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ. 265 ಗ್ರಾಂ ತೂಗುವ ತುಂಡು ನೀರಿನಲ್ಲಿ ಮುಳುಗಿಸಿದಾಗ ಸುಮಾರು 165 ತೋರಿಸುತ್ತದೆ. ಕಡಿಮೆಯಾದ 100 ಗ್ರಾಂ ಎಂದರೆ ಅದು ಪಕ್ಕಕ್ಕೆ ಸರಿಸಿದ ನೀರು. ಆರ್ಕಿಮಿಡೀಸ್ ನಮ್ಮ ಬಕೀಟಿನಲ್ಲೇ ಸಿಕ್ಕ. ಪಕ್ಕದಲ್ಲಿ ಬಾದಾಮಿ ಕಡೆಯ ಮರಳುಗಲ್ಲನ್ನೂ ತೂಗಿ, ಯಾವುದು ಹೆಚ್ಚು ಸಾಂದ್ರ ಎಂದು ಲೆಕ್ಕ ಹಾಕಲಿ. ಗುಡಿಯ ಕಲ್ಲಲ್ಲ ಮತ್ತೆ, ಹೊಲದ ಬದುವಿನ ಕಲ್ಲು!

ಒಟ್ಟಿನಲ್ಲಿ ನನ್ನ ಅಭಿಪ್ರಾಯ ಇಷ್ಟು. ಪುಸ್ತಕ ಸರಿಯಾಗಿದೆ, ಆದರೆ ಅದೊಂದೇ ಸಾಲದು. ಗೊತ್ತಿರುವವನಿಗೆ ಅದು ಚೆನ್ನಾಗಿ ನೆನಪಿಸುತ್ತದೆ, ಗೊತ್ತಿಲ್ಲದವನಿಗೆ ಅರ್ಧ ದಾರಿಯವರೆಗೆ ಬರುತ್ತದೆ. ಉಳಿದ ಅರ್ಧ ದಾರಿ ಶಿಕ್ಷಕರದು ಮತ್ತು ಊರಿನದು. ಶಿಕ್ಷಕರ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ. ಒಬ್ಬರೇ ಗಣಿತವನ್ನೂ ವಿಜ್ಞಾನವನ್ನೂ ನೋಡಿಕೊಳ್ಳುವ ಕಡೆ ಮಗ್ಗದ ಮುಂದೆ ಜಗಳಾಡಲು ಹೊತ್ತು ಎಲ್ಲಿಂದ ಬರಬೇಕು?

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ಎರಡು ಬೇಡಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಮಹಾದ್ವಾರ ಕಟ್ಟಿಸುವ ಮಾತು ನಡೆದಿದೆ. ಕಟ್ಟಿಸಿ, ಬೇಡ ಎನ್ನುವುದಿಲ್ಲ. ಅದಕ್ಕೂ ಮೊದಲು ನಾಲ್ಕು ಮಕ್ಕಳ ಒಂದು ಗುಂಪಿಗೆ ಒಂದರಂತೆ ಸ್ಪ್ರಿಂಗ್ ತಕ್ಕಡಿ, ಟೇಪು, ಸ್ಟಾಪ್‌ವಾಚ್, ಮಸೂರ, ಅಮ್ಮೀಟರ್, ವೋಲ್ಟ್‌ಮೀಟರ್ ಕೊಡಿಸಿ. ಅವು ಬೀರುವಿನಲ್ಲಿ ಬೀಗದೊಳಗೆ ಉಳಿಯದಿರಲಿ. ಒಡೆದರೆ ಇನ್ನೊಂದು ತರೋಣ. ಎರಡನೆಯದು, ನೇಕಾರರು, ಪಂಪ್‌ಸೆಟ್ ರಿಪೇರಿಯವರು, ಕಲ್ಲು ಪಾಲಿಶ್ ಮಾಡುವವರು, ಲೈನ್‌ಮನ್ನರು ವರ್ಷಕ್ಕೊಮ್ಮೆ ಒಂದು ತಾಸು ಶಾಲೆಗೆ ಬನ್ನಿ. ಪಾಠ ಹೇಳಬೇಕಿಲ್ಲ, ನಿಮ್ಮ ಕೆಲಸ ತೋರಿಸಿ. ಮಕ್ಕಳು ಪ್ರಶ್ನೆ ಕೇಳುತ್ತಾರೆ, ಶಿಕ್ಷಕರು ಆ ಪ್ರಶ್ನೆಯನ್ನು ಪುಸ್ತಕದ ಪುಟಕ್ಕೆ ಕಟ್ಟುತ್ತಾರೆ. ಆ ಪ್ರಶ್ನೆಗಳನ್ನು ಬರೆದಿಡುತ್ತಾ ಹೋದರೆ ನಾಲ್ಕೈದು ವರ್ಷದಲ್ಲಿ ನಮ್ಮ ಶಾಲೆಯದೇ ಒಂದು ಕೈಪಿಡಿ ಸಿದ್ಧವಾಗುತ್ತದೆ.

ಮಕ್ಕಳೇ, ನಿಮಗೆ ಒಂದೇ ಮಾತು. ಪುಸ್ತಕ ಓದಿ ತಿಳಿಯದಿದ್ದರೆ ‘ನಾನು ದಡ್ಡ’ ಎನ್ನಬೇಡಿ. ಯಾವ ಸಾಲಿನಲ್ಲಿ ತಿಳಿಯಲಿಲ್ಲ ಎಂದು ಪೆನ್ಸಿಲಿನಿಂದ ಗೆರೆ ಎಳೆದು ಮರುದಿನ ಸರ್ ಮುಂದೆ, ಟೀಚರ್ ಮುಂದೆ ಹಿಡಿಯಿರಿ. ಗೆರೆಗಳು ತುಂಬಿದ ಪುಸ್ತಕವೇ ಚೆನ್ನಾಗಿ ಓದಿದ ಪುಸ್ತಕ.